ನಡೆದು ಮುಟ್ಟಿದ ಮಾತು

ನಮ್ಮೂರಿನವರು ಸೋಮಾರಿಗಳಲ್ಲ ಎಂದು ಹೊರಗಿನವರಿಗೆ ತೋರಿಸಬೇಕಾದರೆ ಅವರನ್ನು ಇಪ್ಪತ್ತನೇ ತಾರೀಖು ಕಳೆದ ಮೇಲೆ ಕರೆತರಬೇಕು. ತಿಂಗಳ ಮೊದಲ ಹದಿನೈದು ದಿನಗಳಲ್ಲಿ ಬಂದವರು ನಮ್ಮನ್ನು ನೋಡಿ ನಕ್ಕು ಹೋಗುತ್ತಾರೆ. ಆಗ ಎಲ್ಲರ ಫೋನಿನಲ್ಲೂ ಡೇಟಾ ತುಂಬಿರುತ್ತದೆ. ಕಟ್ಟೆಯ ಮೇಲೆ, ಕಟಿಂಗ್ ಅಂಗಡಿಯಲ್ಲಿ, ಒಲೆಯ ಮುಂದೆ, ಕೂತವರು ಕೂತಲ್ಲೇ ಇರುತ್ತಾರೆ. ಮನೆಗೊಂದು ನಂಬರು, ನಂಬರಿಗೊಂದು ಮಿತಿ. ಮಿತಿ ಮುಗಿದ ದಿನದಿಂದ ಕರೆ ಹೋಗುವುದಿಲ್ಲ, ವಿಡಿಯೋ ಬರುವುದಿಲ್ಲ. ಮೆಸೇಜು ಮಾತ್ರ ಹೋಗುತ್ತದೆ, ಆದರೆ ನಡೆದುಕೊಂಡು ಹೋಗುತ್ತದೆ. ಫೋನು ಹಿಡಿದವರು ಎಷ್ಟು ಹೆಜ್ಜೆ ಹಾಕುತ್ತಾರೋ ಅದೂ ಅಷ್ಟೇ ಹೆಜ್ಜೆ ಹಾಕುತ್ತದೆ. ಪಕ್ಕದ ಓಣಿಗೆ ಬರೆದರೆ ಪಕ್ಕದ ಓಣಿಯಷ್ಟು ದೂರ ನಡೆಯಬೇಕು, ಹೊಳೆಯಾಚೆಯ ಊರಿಗೆ ಬರೆದರೆ ಹೊಳೆಯಾಚೆಯಷ್ಟು. ಯಾವ ದಿಕ್ಕಿಗೆ ನಡೆದರೂ ಸರಿ, ನಡೆದರಾಯಿತು. ನೀವು ಕೂತರೆ ಅದೂ ದಾರಿಯಲ್ಲೇ ಎಲ್ಲೋ ಕೂರುತ್ತದೆ.

ಹಾಗಾಗಿ ಇಪ್ಪತ್ತರ ನಂತರ ಶಾಲೆಯ ಹಿಂದಿನ ಮೈದಾನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನ ಸುತ್ತು ಹಾಕುತ್ತಿರುತ್ತಾರೆ. ಒಂದು ಸುತ್ತಿಗೆ ನಾನೂರು ಮೀಟರು. ಫೋನನ್ನು ಎದೆಗೆ ಅವುಚಿಕೊಂಡು ಹೆಂಗಸರು, ಗಂಡಸರು, ಕೋಲೂರಿದ ಮುದುಕರು, ಎಲ್ಲರೂ ಒಂದೇ ದಿಕ್ಕಿಗೆ ತಿರುಗುತ್ತಾರೆ. ಬೇರೆ ಊರಿನ ಹುಡುಗಿಗೆ ಮನಸ್ಸು ಕೊಟ್ಟ ಹುಡುಗರು ತಿಂಗಳ ಕೊನೆಗೆ ಇಳಿದು ಕೋಲಾಗಿರುತ್ತಾರೆ. ಫೋಟೋ ಕಳಿಸಿದರೆ ಹತ್ತು ಪಟ್ಟು ನಡೆಯಬೇಕು, ಆದ್ದರಿಂದ ಮೊಮ್ಮಗು ಹುಟ್ಟುವುದಾದರೆ ತಿಂಗಳ ಮೊದಲ ವಾರದಲ್ಲೇ ಹುಟ್ಟಲಿ ಎಂದು ಅಜ್ಜಿಯರು ಹರಕೆ ಹೊರುತ್ತಾರೆ. ಮೈದಾನಕ್ಕೆ ಎರಡು ಕಟ್ಟಳೆಗಳಿವೆ. ನಡೆಯುತ್ತಿರುವವರನ್ನು ಸುತ್ತಿನ ನಡುವೆ ತಡೆದು ನಿಲ್ಲಿಸಬಾರದು, ಮಾತಿದ್ದರೆ ಜೊತೆಗೆ ನಡೆಯುತ್ತ ಆಡಬೇಕು. ಇನ್ನೊಬ್ಬರ ಮೆಸೇಜನ್ನು ನಡೆಸುವಾಗ ಅದನ್ನು ಓದಬಾರದು. ಹೆಂಡತಿ ಗಂಡನದನ್ನೂ ಓದುವುದಿಲ್ಲ, ಗಂಡ ಹೆಂಡತಿಯದನ್ನೂ ಓದುವುದಿಲ್ಲ. ಅಷ್ಟರಮಟ್ಟಿಗೆ ನಾವು ಮರ್ಯಾದಸ್ಥರು.

ನಾನು ದರ್ಜಿ, ಹೆಸರು ಚನ್ನವೀರಪ್ಪ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದೇ ಮೂವತ್ತೈದು ವರ್ಷ ಕಳೆದೆ. ಹೊಲಿಗೆ ಯಂತ್ರದ ಪೆಡಲು ತುಳಿದರೂ ಅದನ್ನು ಹೆಜ್ಜೆಯೆಂದೇ ಹಿಡಿಯುತ್ತಾರೆಂದು ಊರಿಗೆ ಗೊತ್ತಾದ ಮೇಲೆ ತಿಂಗಳ ಕೊನೆಗೆ ನನಗೆ ಎಲ್ಲಿಲ್ಲದ ಮಾನ. ಕಾಲುನೋವಿನವರು, ಬಾಣಂತಿಯರು, ಮೈಗಳ್ಳರು ತಮ್ಮ ಫೋನು ತಂದು ನನ್ನ ಮೊಣಕಾಲಿಗೆ ತಾಗುವಂತೆ ಯಂತ್ರದ ಕೊಕ್ಕೆಗೆ ಸಿಕ್ಕಿಸಿದ ಚೀಲದಲ್ಲಿ ಹಾಕಿ ಹೋಗುತ್ತಾರೆ. ನಾನು ಲಂಗ ಹೊಲಿಯುತ್ತ ಹತ್ತು ಮನೆಯ ಮಾತು ಹತ್ತು ಊರಿಗೆ ಮುಟ್ಟಿಸುತ್ತೇನೆ. ಆದರೆ ನನ್ನ ಹೆಂಡತಿ ಗುರುಬಸವ್ವನಿಗೆ ಈ ಪದ್ಧತಿ ಸೇರದು. ತುಳಿದ ಮಾತು ಸಪ್ಪೆ, ನಡೆದ ಮಾತಿಗೇ ರುಚಿ ಎಂದು ವಾದಿಸುವ ಪಂಗಡ ಅವಳದು. ಎರಡೂ ಮೊಣಕಾಲು ಸವೆದಿದ್ದರೂ ತನ್ನ ಅಕ್ಕನಿಗೆ ಬರೆದದ್ದನ್ನು ಮೈದಾನಕ್ಕೇ ಹೋಗಿ ನಡೆಸಿ ಬರುತ್ತಾಳೆ.

ಆ ತಿಂಗಳು ನಮ್ಮ ಮನೆಯ ಡೇಟಾ ಹದಿನೆಂಟಕ್ಕೇ ಮುಗಿಯಿತು. ಮುಗಿಸಿದವನು ನಾನೇ. ಎಲ್ಲಿಯೋ ಪರದೇಶದಲ್ಲಿ ಮುದುಕನೊಬ್ಬ ಕೋಟು ಹೊಲಿಯುವುದನ್ನು ರಾತ್ರಿಯೆಲ್ಲ ನೋಡಿದ್ದೆ. ಕೋಟು ತೊಡುವ ಒಬ್ಬ ಗಂಡಸೂ ಇಲ್ಲದ ಊರಿನ ದರ್ಜಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಮುಗಿಯುವ ಸ್ವಲ್ಪ ಮೊದಲು ಬಂದ ಕೊನೆಯ ಮೆಸೇಜು ನಮ್ಮ ಮಗಳು ನೀಲಾಂಬಿಕಾಳದು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಹೊಳೆಯಾಚೆ ನಲವತ್ತನಾಲ್ಕು ಕಿಲೋಮೀಟರು ದೂರದ ಊರು. ನಮ್ಮೂರಿನ ಹೆಣ್ಣುಮಕ್ಕಳು ಎಲ್ಲಿಗೆ ಹೋದರೂ ನಂಬರು ನಮ್ಮೂರಿನದೇ ಇರುತ್ತದೆ, ಮಿತಿಯೂ ಅದರ ಹಿಂದೆ ಹೋಗುತ್ತದೆ.

“ಅಪ್ಪಾ, ನಾ ಅವರ ಮನಿ ಬಿಟ್ಟೀನಿ. ತಿರುಗಿ ಹೋಗೂದಿಲ್ಲ. ಇಲ್ಲೇ ಔಷಧದ ಅಂಗಡ್ಯಾಗ ಕೆಲಸ ಸಿಕ್ಕೈತಿ, ಒಂದು ಖೋಲಿ ಹಿಡದೀನಿ. ಒಮ್ಮೆ ಮನಿಗೆ ಬರಬೇಕನ್ನಸಾಕತ್ತೈತಿ. ನೀ ಬಾ ಅಂದ್ರ ಬರ್ತೀನಿ” ಎಂದು ಬರೆದಿದ್ದಳು.

ಗುರುಬಸವ್ವನಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಬಾ ಅಂತ ಬರೀರಿ. ಈಗ ಬರೀರಿ” ಎಂದಳು. ಅಳಿಯನಿಗೆ ಬಾಯಿಗಿಂತ ಕೈ ಮುಂದು ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ದೀಪಾವಳಿಗೆ ಬಂದಾಗ ನೀಲಾ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ದರ್ಜಿಯಾದವನಿಗೆ ತೋಳಿನ ಅಳತೆ ಕಾಣಿಸದೆ ಇರುತ್ತದೆಯೇ? ಕಂಡೂ ಕಾಣದವನ ಹಾಗೆ ಇದ್ದೆ.

ಮರುದಿನ ಕಟಿಂಗ್ ಅಂಗಡಿಯಲ್ಲಿ ಗಡ್ಡಕ್ಕೆ ಕೂತಿದ್ದಾಗ ಹಿಂದಿನಿಂದ ಯಾರೋ, “ಏನ್ ದರ್ಜಿ, ಮಗಳು ಹೊಳ್ಳಿ ಬರಾಕತ್ತಾಳಂತ? ಹೊಲಿಗಿ ಬಿಚ್ಚಿತೇನು?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಬಂದು, ಅವರ ಮೇಲೆ ಬರಬೇಕಾದ ಸಿಟ್ಟನ್ನೆಲ್ಲ ಮಗಳ ಮೇಲೆ ತೀರಿಸಿಕೊಂಡು ಬರೆದೆ. “ಗಂಡನ ಮನಿ ಬಿಟ್ಟಾಕಿಗೆ ತವರುಮನಿ ಇರೂದಿಲ್ಲ. ಈ ಹೊಸ್ತಿಲಾ ತುಳೀಬ್ಯಾಡ. ನಾಕು ಮಂದಿಗೆ ನಾ ಮಾರಿ ತೋರಸೂದು ಹ್ಯಾಂಗ?” ಬರೆದು, ಕಳಿಸಿ, ಫೋನು ಜೇಬಿನಲ್ಲಿಟ್ಟುಕೊಂಡು ಯಂತ್ರದ ಮುಂದೆ ಕೂತೆ. ಸಿಟ್ಟಿನಲ್ಲಿ ಕಾಲಿಗೆ ದಣಿವೆನ್ನುವುದೇ ಇರುವುದಿಲ್ಲ. ಸಂಜೆಯೊಳಗೆ ಎರಡು ಡಜನ್ ಲಂಗ ಮುಗಿದವು, ಮಾತು ಹತ್ತು ಕಿಲೋಮೀಟರು ಮುಂದೆ ಹೋಗಿತ್ತು.

“ನೀಲಾಗ ಬರದ್ರೇನು?” ಎಂದು ಗುರುಬಸವ್ವ ಕೇಳಿದಳು.

“ಬರದೀನಿ.”

“ಏನಂತ?”

“ತಂದಿ ಆದಾಂವ ಏನ್ ಬರೀಬೇಕೋ ಅದನ್ನ.”

ಅವಳು ಅದಕ್ಕೆ ತನಗೆ ಬೇಕಾದ ಅರ್ಥ ಮಾಡಿಕೊಂಡಳು. ನಾನು ಬೇಡವೆನ್ನಲಿಲ್ಲ. ಇಪ್ಪತ್ತನೇ ತಾರೀಖು ಬೆಳಿಗ್ಗೆ ಎದ್ದು ನೋಡಿದರೆ ಅಟ್ಟದ ಮೇಲಿನ ಕೌದಿಯನ್ನು ಇಳಿಸಿ, ಒಗೆದು, ಬಿಸಿಲಿಗೆ ಹರವಿದ್ದಳು. ನೀಲಾ ಹೊದೆಯುತ್ತಿದ್ದ ಕೌದಿ ಅದು. ನಾನು ಹೊಲಿದುಳಿದ ಚೂರುಗಳನ್ನು ಸೇರಿಸಿ ಅವರವ್ವ ಹೊಲಿದದ್ದು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು, ಅದರ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಚಹಾ ಕೂಡ ಕುಡಿಯದೆ ಅಳತೆ ಆಫೀಸಿಗೆ ಓಡಿದೆ. ಓಡುವಾಗ ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ, ಅಷ್ಟು ಬುದ್ಧಿಯಿತ್ತು.

ನಮ್ಮ ಡೇಟಾ ಅಳೆದು ಕೊಡುವ ಆಫೀಸು ಅದು. ಕಿಟಕಿಯ ಹಿಂದೆ ಕೂರುವ ವಿರುಪಣ್ಣ ನನ್ನ ಬಳಿಯೇ ಪ್ಯಾಂಟು ಹೊಲಿಸುವವನು. “ವಿರುಪಣ್ಣ, ಕಳಿಸಿದ ಮಾತು ಹೊಳ್ಳಿ ಕರಸಾಕ ಬರ್ತೈತೇನು?” ಎಂದೆ.

“ಬರೂದಿಲ್ಲ.”

“ಮಿತಿ ದಾಟಿದ್ದಕ್ಕ ದಂಡ ಕಟ್ಟತೀನಿ. ಇನ್ನೊಂದು ಮಾತು ಅದರಕಿಂತ ಮೊದಲ ಮುಟ್ಟಬೇಕು.”

“ದಂಡ ಕಟ್ಟಿದ್ರ ಗೇಟು ತಗೀತೈತಿ ಚನ್ನವೀರಣ್ಣ. ಗೇಟು ತಗದ್ರ ಸಾಲಿನ್ಯಾಗ ಮುಂದ ನಿಂತದ್ದು ಮೊದಲ ಹೋಗ್ತೈತಿ. ಹಿಂದಿಂದು ಹಾರಿ ಹೋಗಾಕ ಇದೇನು ಬಸ್ಸಿನ ಸೀಟಲ್ಲ, ಕಿಡಕ್ಯಾಗ ಟವೆಲ್ ಒಗ್ಯಾಕ.” ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. “ದಂಡ ಕಟ್ಟಿದ್ರ ಈಗ ಹೋಗ್ತೈತಿ, ಮುಂದಿನ ತಿಂಗಳ ಡೇಟಾನೂ ಅರ್ಧ ಆಗ್ತೈತಿ. ಕಟ್ಟದಿದ್ರ ಒಂದನೇ ತಾರೀಖಿಗೆ ಹ್ಯಾಂಗೂ ಹೋಗ್ತೈತಿ. ಏನ್ ಬರದಿ ಅಂಥಾದ್ದು?”

ನಾನು ಅಲ್ಲಿಂದ ಹೊರಟುಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಡೆಸದಿದ್ದರೆ ಮಾತು ಹತ್ತು ಕಿಲೋಮೀಟರಿನ ಹತ್ತಿರವೇ ನಿಂತಿರುತ್ತದೆ, ತಿಂಗಳ ಕೊನೆಯ ದಿನದವರೆಗೆ ಸಮಯವಿದೆ, ಅಷ್ಟರೊಳಗೆ ಬಸ್ಸು ಹತ್ತಿ ಹೋಗಿ ಮಗಳಿಗೆ ಹೇಳಿ ಬರಬಹುದು. ಬಸ್ಸು ಅದೇ ದಿನವೂ ಇತ್ತು. ಆದರೆ ಹೋಗಿ ಏನೆಂದು ಹೇಳುವುದು? ನಾಳೆ ನೋಡೋಣ ಎಂದುಕೊಂಡೆ. ಮನೆಗೆ ಬಂದು ಫೋನನ್ನು ಗುಂಡಿಗಳ ಡಬ್ಬಿಯ ತಳದಲ್ಲಿ ಹುದುಗಿಸಿ, ಮುಚ್ಚಳ ಹಾಕಿ, ಕಪಾಟಿನ ಮೇಲಿಟ್ಟೆ. ಆಮೇಲೆ ಆ ಕಡೆ ಕಣ್ಣು ಹಾಯಿಸಲೂ ಮನಸ್ಸಾಗಲಿಲ್ಲ. ಗುರುಬಸವ್ವನಿಗೆ ನಿಜ ಹೇಳುವುದಕ್ಕೂ ಮನಸ್ಸಾಗಲಿಲ್ಲ. ಹೇಡಿಗೆ ನಾಳೆಗಳು ಬಹಳ.

ಇಪ್ಪತ್ತೆರಡರಿಂದ ಗುರುಬಸವ್ವ ಬೆಳಿಗ್ಗೆ, ಸಂಜೆ ಮೈದಾನಕ್ಕೆ ಹೋಗತೊಡಗಿದಳು. ಎದುರು ಮನೆಯ ಹುಸೇನಬಿಯ ಕಾಲು ಉಳುಕಿದೆಯಂತೆ, ಅವಳ ಮೆಸೇಜು ನಡೆಸುತ್ತಿದ್ದೇನೆ ಎಂದಳು. ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ನರಳುತ್ತಿದ್ದಳು, ಆದರೆ ಮುಖ ಮಾತ್ರ ಅರಳಿರುತ್ತಿತ್ತು. ಹುಸೇನಬಿಯ ಮೇಲೆ ನನಗೆ ಒಳಗೊಳಗೇ ಸಿಟ್ಟು ಬಂತು. ಬೇರೆಯವರ ಮೊಣಕಾಲು ಸವೆಸುವುದೆಂದರೆ ಇವರಿಗೆಲ್ಲ ಸಲೀಸು ಎಂದು ಗೊಣಗಿಕೊಂಡೆ.

ಇಪ್ಪತ್ತಾರು, ಸೋಮವಾರ ಸಂಜೆ. ಹುಸೇನಬಿ ತನ್ನೆರಡು ಕಾಲಿನ ಮೇಲೆ ಸರಸರನೆ ನಡೆಯುತ್ತ ಅಂಗಡಿಗೆ ಬಂದು, ತನ್ನ ಫೋನನ್ನು ಯಂತ್ರದ ಚೀಲದಲ್ಲಿ ಹಾಕಿದಳು. “ಅಣ್ಣಾ, ನನ್ನ ತಂಗೀಗೆ ಹನ್ನೆರಡು ಕಿಲೋಮೀಟರು. ನಾಳೀಗೆ ಮುಟ್ಟಸು” ಎಂದಳು.

“ನಿನ್ನ ಕಾಲು ನೆಟ್ಟಗಾತೇನು?”

“ನನ್ನ ಕಾಲಿಗೇನಾಗಿತ್ತು?”

“ಮತ್ತ ನಮ್ಮಾಕಿ ನಿನ್ನ ಮಾತು ನಡಸಾಕತ್ತೀನಿ ಅಂದ್ಳಲ್ಲ?”

ಹುಸೇನಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ನಂದಲ್ಲೋ ಅಣ್ಣಾ, ನಿಂದ. ನಿನಗ ಹೇಳಬ್ಯಾಡಂದಾಳ. ಗುಂಡಿ ಹುಡಕೂವಾಗ ಡಬ್ಬ್ಯಾಗ ಫೋನು ಸಿಕ್ಕಿತಂತ, ನೀಲಾಗ ಬರದದ್ದು ಹಂಗ ನಿಂತೈತಂತ. ಪಾಪ, ಮಂದೀದು ತುಳಿಯೂದ್ರಾಗ ತನ್ನದು ಮರತಾನ, ನಾನ ಮುಟ್ಟಸ್ತೀನಿ, ಮಗಳು ಲಗೂನ ಮನ್ಯಾಗಿರ್ತಾಳ ಅಂತ ಐದು ದಿನದಿಂದ ನಡ್ಯಾಕತ್ತಾಳ.”

ಕತ್ತರಿ ಅಲ್ಲೇ ಎಸೆದೆ. ನಾನು ಚಪ್ಪಲಿಯನ್ನೂ ಮೆಟ್ಟದೆ ಮೈದಾನಕ್ಕೆ ಓಡಿದೆ.

ಅಲ್ಲಿ ಆ ಹೊತ್ತಿಗೆ ನೂರಾರು ಜನ. ಗುರುಬಸವ್ವ ಒಳಗಿನ ಗೆರೆಯ ಗುಂಟ, ಬಲಗಾಲನ್ನು ಸ್ವಲ್ಪ ಎಳೆಯುತ್ತ, ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಬರುತ್ತಿದ್ದಳು. ಆರತಿ ತಟ್ಟೆ ಹಿಡಿದವರು ಹಾಗೆ ಹಿಡಿಯುತ್ತಾರೆ. ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕಳು. “ಗೊತ್ತಾತೇನು? ಇನ್ನ ಆರ ಸುತ್ತು ಉಳದಾವ. ಇವತ್ತ ಮುಟ್ಟಿಬಿಡತೈತಿ” ಎಂದಳು, ನಿಲ್ಲಲಿಲ್ಲ.

ನಿಲ್ಲಿಸುವ ಹಾಗಿಲ್ಲ. ಜೊತೆಗೆ ನಡೆದೆ. ಅವಳು ತಾನೇ ಹೇಳುತ್ತ ಹೋದಳು. ನೀಲಾಳ ಖೋಲಿಯಲ್ಲಿ ಒಲೆ ಇದೆಯೋ ಇಲ್ಲವೋ, ಮನೆಗೆ ಬಂದರೆ ಮೊದಲ ದಿನ ಏನು ಮಾಡಬೇಕು, ಅಂಥವನ ಮನೆಯಲ್ಲಿ ನಾಲ್ಕು ವರ್ಷ ಹೇಗೆ ಇದ್ದಳೋ. ಒಂದು ಸುತ್ತು ಹೋಯಿತು. “ನೀವು ಬಾ ಅಂದದ್ದು ಓದಿದ ಕೂಡ್ಲೇ ಆಕಿ ಅಳ್ತಾಳ ನೋಡ್ರಿ” ಎಂದಳು. ಎರಡನೆಯ ಸುತ್ತೂ ಮುಗಿಯುತ್ತ ಬಂತು. ನಾನು ಸುಮ್ಮನಿದ್ದಷ್ಟು ಹೊತ್ತೂ ಅದು ಮಗಳ ಹತ್ತಿರ ಹತ್ತಿರ ಹೋಗುತ್ತಿತ್ತು.

“ಗುರುಬಸವ್ವ, ನಿಲ್ಲು. ನಾ ಬಾ ಅಂತ ಬರದಿಲ್ಲ” ಎಂದೆ.

ಅವಳು ಗೆರೆಯವರೆಗೆ ನಡೆದು, ಪಕ್ಕಕ್ಕೆ ಸರಿದು ನಿಂತಳು. “ಓದು” ಎಂದೆ. ನಮ್ಮ ಮೂವತ್ತು ವರ್ಷದ ಸಂಸಾರದಲ್ಲಿ ನನ್ನದೊಂದು ಮೆಸೇಜನ್ನು ಅವಳು ಓದಿದ್ದು ಅದೇ ಮೊದಲು. ಮೂರನೇ ಇಯತ್ತೆ ಕಲಿತವಳು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದಳು. ಓದಿ ಮುಗಿಸಿ ಹುಲ್ಲಿನ ಮೇಲೆ ಕೂತುಬಿಟ್ಟಳು.

“ಇದನ್ನ ಹೊತ್ಕೊಂಡು ನಡದೆನೇನ್ರಿ ನಾನು?” ಎಂದಳು. ಆಮೇಲೆ ತನ್ನ ಮೊಣಕಾಲುಗಳನ್ನು ಎರಡೂ ಅಂಗೈಯಿಂದ ಮುಚ್ಚಿ, “ಇವಕ್ಕ ಗೊತ್ತಿದ್ರ ಮೊದಲನೇ ಸುತ್ತಿಗೇ ನಿಲ್ತಿದ್ವು” ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುತ್ತು ಹಾಕುವವರು ನಮ್ಮನ್ನು ದಾಟಿ ದಾಟಿ ಹೋದರು, ಯಾರೂ ಏನೂ ಕೇಳಲಿಲ್ಲ. ಕೊನೆಗೆ ನಾನೇ, “ಇನ್ನ ನಡಸಬ್ಯಾಡ. ನಾಳೆ ಬಸ್ಸಿಗೆ ನಾನ ಹೋಗಿ, ಬಾ ಅಂತ ಹೇಳಿ ಬರ್ತೀನಿ” ಎಂದೆ.

“ಹೇಳಿ ಬರ್ತೀರಿ. ಆಕಿ ಹಿಗ್ಗತಾಳ. ಒಂದನೇ ತಾರೀಖಿಗೆ ಇದು ಹೋಗಿ ಮುಟ್ಟತೈತಿ. ಅವಾಗ ಆ ಖೋಲ್ಯಾಗ ಆಕಿ ಒಬ್ಬಾಕೇ ಕುಂತು ಓದಬೇಕೇನು?”

ನನಗೆ ಅದು ಹೊಳೆದೇ ಇರಲಿಲ್ಲ.

“ಬಸ್ಸು ಎಷ್ಟಕ್ಕ ಮುಟ್ಟತೈತಿ?”

“ಹತ್ತಕ್ಕ.”

“ಹತ್ತೂವರಿಗೆ ನಾ ಇಲ್ಲಿ ಬರ್ತೀನಿ. ಉಳದ ನಾಕ ಸುತ್ತು ನಾನ ಹಾಕ್ತೀನಿ. ಅದು ಬರೂವಾಗ ಬರದಾಂವ ಆಕಿ ಎದುರಿಗಿರಬೇಕು. ಏನಂತಾಳೋ ಅನ್ನಿಸ್ಕೋರಿ.” ಅವಳು ಏಳಲು ಕೈ ಚಾಚಿದಳು. ಹಿಡಿದು ಎಬ್ಬಿಸಿದೆ. ಮನೆಯವರೆಗೂ ಫೋನನ್ನು ನಾನು ಹಿಡಿಯಲೂ ಆಗದೆ ಅವಳು ಹಿಡಿಯಲೂ ಆಗದೆ, ಹುಸೇನಬಿಯ ಮಗನ ಸೈಕಲ್ಲಿನ ಬುಟ್ಟಿಯಲ್ಲಿಟ್ಟು ತಳ್ಳಿಸಿಕೊಂಡು ಬಂದೆವು. ತಳ್ಳಿದವನ ಹೆಜ್ಜೆ ಲೆಕ್ಕಕ್ಕೆ ಬರುವುದಿಲ್ಲ, ಫೋನು ಮೈಗೆ ತಾಗಿರಬೇಕು.

ಮರುದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಸೇತುವೆ ದಾಟಿದ ಮೇಲೆ ಊರು ಇನ್ನೂ ಒಂದೂವರೆ ಕಿಲೋಮೀಟರು ಚಿಲ್ಲರೆ ಇರುವಾಗ, ಇಲ್ಲೇ ಎಲ್ಲೋ ನನ್ನ ಮಾತು ನಿಂತಿರಬೇಕು ಎಂದು ಕತ್ತು ಹೊರಗೆ ಹಾಕಿ ನೋಡಿದೆ. ಒಂದು ಚಹಾದಂಗಡಿ, ಒಂದು ಕೆಟ್ಟು ನಿಂತ ಟ್ರ್ಯಾಕ್ಟರು, ಬೇಲಿಯ ಬುಡದಲ್ಲಿ ಮಲಗಿದ ಎಮ್ಮೆ. ಬೇರೇನೂ ಕಾಣಲಿಲ್ಲ. ಆದರೂ ನನಗೆ ನಾಚಿಕೆಯಾಯಿತು.

ಔಷಧದ ಅಂಗಡಿಯಲ್ಲಿ ಕೇಳಿಕೊಂಡು ಹೋದರೆ ನೀಲಾಳ ಖೋಲಿ ಹಿಟ್ಟಿನ ಗಿರಣಿಯ ಮೇಲಿತ್ತು. ಬಾಗಿಲು ತೆರೆದವಳು ಕ್ಷಣಹೊತ್ತು ನಂಬಲಿಲ್ಲ. “ಅಪ್ಪಾ! ನೀ ಬಂದಿ? ಒಂಬತ್ತು ದಿನ ಆತು, ಏನೂ ಬರಲಿಲ್ಲಂತ ಹೆದರಿದ್ದೆ. ಉತ್ತರಾ ಬರೀದ ನೀನ ಬಂದಿ ಏನು!” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ತೋಳಿಲ್ಲದಷ್ಟು ಗಿಡ್ಡ ತೋಳಿನ ರವಿಕೆ ತೊಟ್ಟಿದ್ದಳು. ಮೊಣಕೈಯ ಮೇಲಿನ ಕಲೆ ಹಳದಿಗೆ ತಿರುಗಿ ಮಾಯುತ್ತಿತ್ತು. ಅದನ್ನು ಮುಚ್ಚಿಕೊಳ್ಳುವ ಗೊಡವೆಗೇ ಹೋಗಲಿಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ಅವ್ವನ ಮೊಣಕಾಲು ಹೇಗಿದೆ ಎಂದು ಕೇಳಿದಳು. ನಾನು ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದಾಗ, “ತಡಿ, ಹಾಲು ತರ್ತೀನಿ. ಚಹಾ ಕುಡಕೋತ ಮಾತಾಡೂಣು” ಎಂದು ಪಾತ್ರೆ ಹಿಡಿದು ಇಳಿದುಹೋದಳು.

ಅವಳ ಫೋನು ಕಿಟಕಿಯ ಕಟ್ಟೆಯ ಮೇಲೆ, ನನ್ನ ಕೈಗೆ ಎಟುಕುವ ಹಾಗಿತ್ತು. ಹತ್ತು ಮುಕ್ಕಾಲು ಕೂಡ ಆಗಿರಲಿಲ್ಲ. ಗುರುಬಸವ್ವ ಬೇಗ ಹೊರಟಿರಬೇಕು, ಇಲ್ಲವೆ ಆ ನಾಲ್ಕು ಸುತ್ತನ್ನು ಮೊಣಕಾಲು ಮರೆತು ಹಾಕಿರಬೇಕು. ಫೋನು ಟಣ್ ಎಂದಿತು. ಪರದೆಯ ಮೇಲೆ ‘ಅಪ್ಪ’ ಎಂದಿತ್ತು.

ನಾನು ಅದನ್ನು ಕೈಗೆತ್ತಿಕೊಂಡೆ. ಒಮ್ಮೆ ಒತ್ತಿದರೆ ಅಳಿಸಿಹೋಗುತ್ತಿತ್ತು. ಹೊಳೆ ಹಾರಿ ನಲವತ್ತನಾಲ್ಕು ಕಿಲೋಮೀಟರು ಬಂದ ಮಾತು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವಳ ಕಾಲ ಸಪ್ಪಳ ಕೇಳಿತು.

ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಬಿಸ್ಕತ್ತಿನ ಪೊಟ್ಟಣ. “ಫೋನು ಸಪ್ಪಳಾತಲ್ಲ, ಯಾರ್ದು? ನನ್ನ ಕೈ ಖಾಲಿ ಇಲ್ಲ, ನೀನ ಓದು” ಎಂದಳು.

ಬೇಕಾದರೆ ‘ಬಾ’ ಎಂದು ಓದಬಹುದಿತ್ತು. ಅಂಗಡಿಯವರು ಬೇಗ ಬಾ ಎಂದಿದ್ದಾರೆ ಎನ್ನಬಹುದಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಹುಲ್ಲಿನ ಮೇಲೆ ಕೂತು ಮೊಣಕಾಲು ಮುಚ್ಚಿಕೊಂಡ ಗುರುಬಸವ್ವ. “ನಂದ ಐತಿ ನೀಲಾ. ಹತ್ತೊಂಬತ್ತನೇ ತಾರೀಖು ಬರದದ್ದು” ಎಂದೆ. ಎದ್ದು ನಿಂತು ಓದಿದೆ. ಬರೆಯುವಾಗ ಮೂರು ಸಾಲು ಅದು. ಬಾಯಿಬಿಟ್ಟು ಓದುವಾಗ ಬಹಳ ಉದ್ದವಿತ್ತು.

ನೀಲಾ ಪಾತ್ರೆಯನ್ನು ನೆಲಕ್ಕಿಟ್ಟಳು. ಗಿರಣಿಯ ಸದ್ದಿಗೆ ನೆಲ ಅದುರುತ್ತಿತ್ತು, ಹಾಲು ಕೂಡ ಅದುರುತ್ತಿತ್ತು.

“ಅವ್ವ ಓದ್ಯಾಳೇನು?” ಎಂದಳು.

“ನಿನ್ನೆ ಓದಿದ್ಳು. ಅದಕ್ಕಿಂತ ಮೊದಲ, ನಾ ಬಾ ಅಂದೀನಂತ ತಿಳಕೊಂಡು ಎಂಬತ್ತು ಸುತ್ತು ನಡಸ್ಯಾಳ.” ಎಲ್ಲವನ್ನೂ ಹೇಳಿದೆ, ಗುಂಡಿಯ ಡಬ್ಬಿಯನ್ನೂ, ಕಟಿಂಗ್ ಅಂಗಡಿಯನ್ನೂ, ಈಗಷ್ಟೇ ಅಳಿಸಲು ಹೋದ ಬೆರಳನ್ನೂ. “ನಿನ್ನ ತೋಳು ದೀಪಾವಳ್ಯಾಗ ನೋಡಿದ್ದೆ. ನೋಡಿನೂ ಸುಮ್ಮನಿದ್ದೆ. ತಪ್ಪು ನಂದು. ಈಗ ಬಾ ಅನ್ನಾಕ ಬಂದೀನಿ.”

“ಈಗ ಬಾ ಅಂತಿ. ನಾಳೆ ಕಟಿಂಗ್ ಅಂಗಡ್ಯಾಗ ಮತ್ತ ಯಾರರ ನಕ್ರ?” ಅವಳ ದನಿ ಏರಲಿಲ್ಲ. “ನೀ ಬರಿಯೂದಕ್ಕ ಒಂದು ದಿನ ತಗೊಂಡಿ. ನನಗೂ ವಿಚಾರ ಮಾಡಾಕ ಬಿಡು. ಉತ್ತರಾ ಬರೀತೀನಿ. ನಂದೂ ಡೇಟಾ ಮುಗದೈತಿ, ದಿನಾ ಅಂಗಡ್ಯಾಗ ಒಂದ ಕಡೆ ನಿಂತಿರ್ತೀನಿ. ಯಾವಾಗ ಮುಟ್ಟತೈತೋ ಮುಟ್ಟಲಿ.”

“ಈಗ ಬರಿ. ಏನ್ ಬೇಕಾದ್ರೂ ಬರಿ. ಫೋನು ನನ್ನ ಕೈಯಾಗ ಕೊಡು, ನಾ ನಡಸ್ಕೊಂಡು ಹೋಗ್ತೀನಿ” ಎಂದೆ.

“ಬಸ್ಸಿನ್ಯಾಗ ಕುಂತ್ರ ನಡಿಯೂದಿಲ್ಲಪಾ ಅದು.”

“ಬಸ್ಸಿಗೆ ಹೋಗೂದಿಲ್ಲ.”

ಅವಳು ನನ್ನ ಕಾಲು ನೋಡಿದಳು. ಪೆಡಲು ತುಳಿದು ಪಾದ ಚಪ್ಪಟೆಯಾದ, ಅರವತ್ತು ದಾಟಿದ ಕಾಲು. ಬೇಡವೆನ್ನುತ್ತಾಳೇನೋ ಎಂದುಕೊಂಡೆ, ಅನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಚಹಾ ಮಾಡಿ ಕೊಟ್ಟಳು. ಇಬ್ಬರೂ ಕುಡಿದೆವು. ಫೋನನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಮೇಲೆ ಪಿನ್ನು ಚುಚ್ಚಿದಳು. “ಓದಬ್ಯಾಡ ಮತ್ತ” ಎಂದಳು.

ಮೂರು ದಿನ ಹಿಡಿಯಿತು. ಮೊದಲ ದಿನ ಸೇತುವೆಯ ಈಚೆ ಒಂದು ಶಾಲೆಯ ಜಗುಲಿಯಲ್ಲಿ ಮಲಗಿದೆ, ಎರಡನೆಯ ದಿನ ಒಬ್ಬ ಕುರುಬನ ಹಟ್ಟಿಯಲ್ಲಿ. ಅವನು ಜೋಳದ ರೊಟ್ಟಿ ಕೊಟ್ಟು, ಯಾವ ಮಾತು ಹೊತ್ತೀರಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಬಸ್ಸುಗಳು ನಿಂತು ನಿಂತು ಕರೆದವು. ಹತ್ತಬಹುದಿತ್ತು, ಯಾರು ನೋಡುತ್ತಿದ್ದರು? ದಾರಿಯುದ್ದಕ್ಕೂ ಅದರಲ್ಲಿ ಏನಿರಬಹುದು ಎಂದೇ ಯೋಚನೆ. ಇನ್ನೆಂದೂ ಬರುವುದಿಲ್ಲ ಎಂದು ಬರೆದಿದ್ದರೆ, ಅದನ್ನು ಹೊತ್ತು ಗುರುಬಸವ್ವನ ಕೈಗೆ ಮುಟ್ಟಿಸುವವನು ನಾನೇ. ಎಷ್ಟೋ ಸಲ ಜೇಬಿನ ಮೇಲೆ ಕೈ ಹೋಯಿತು. ಪಿನ್ನು ತೆಗೆಯಲಿಲ್ಲ. ನನ್ನವಳು ಐದು ದಿನ ಹೇಗೆ ನಡೆದಿರಬೇಕೆಂದು ಆಗ ನನ್ನ ಕಾಲಿಗೆ ಗೊತ್ತಾಯಿತು.

ಮೂರನೆಯ ದಿನ ಸಂಜೆ ನಮ್ಮ ಓಣಿಗೆ ತಿರುಗಿದೆ. ಹುಸೇನಬಿ ಮೊದಲು ಕಂಡವಳು, ಕೂಗಿ ಹೇಳಿದಳು. ಗುರುಬಸವ್ವ ಮನೆಯ ಫೋನು ಹಿಡಿದು ಬಾಗಿಲಿಗೆ ಬಂದು ನಿಂತಳು. ನನ್ನ ಪಾದ ನೋಡಿ ಏನೋ ಹೇಳಲು ಹೊರಟಳು. ಅಂಗಳದ ನಡುವೆ ಬರುವಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ನಾನು ನಿಂತಲ್ಲೇ ನಿಂತೆ.

“ನೀಲಾಂದು” ಎಂದಳು. “ಓದಲೇನು?”

“ಓದು.”

ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. “ಅಪ್ಪಾ... ನೀ ಅಂದ ಮಾತು... ನಾ... ಮರಿಯೂದಿಲ್ಲ.” ಬೆರಳು ನಿಂತಿತು. ಮುಗಿಯಿತು ಎಂದುಕೊಂಡೆ. ನನಗೆ ತಕ್ಕದ್ದೇ ಬರೆದಿದ್ದಾಳೆ ಎಂದುಕೊಂಡು ಅಲ್ಲೇ ನೆಲಕ್ಕೆ ಕೂತೆ. ಗುರುಬಸವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು.

“ಕೆಳಗ ಇನ್ನೊಂದು ಸಾಲೈತ್ರಿ” ಎಂದಳು. “ಶನಿವಾರ... ಅಂಗಡಿ ಸೂಟಿ... ಬರ್ತೀನಿ.”

ಅವಳು ಆ ಸಾಲನ್ನು ಇನ್ನೊಮ್ಮೆ, ಬೆರಳಿಲ್ಲದೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, “ಇವತ್ತ ಯಾ ವಾರ?” ಎಂದು ಕೇಳಿದಳು.

“ಗುರುವಾರ” ಎಂದೆ. ಹಾಗೆಂದವನೇ ಓಣಿಯ ಜನರೆಲ್ಲ ನೋಡುತ್ತಿರುವಂತೆಯೇ ಅತ್ತುಬಿಟ್ಟೆ.